ಚಕ್ರ: ಆಯುಧವೋ ಧರ್ಮವೋ?

ಕಳೆದ ದಶಲಕ್ಷಣ ಪರ್ವಕ್ಕೆ ಮುನ್ನ ನಮ್ಮ ಊರಿನ ಬಸದಿಯ ಟ್ರಸ್ಟಿನವರು ಮಕ್ಕಳಿಗಾಗಿ ಧಾರ್ಮಿಕ ಚಿಹ್ನೆಗಳನ್ನು ಪರಿಚಯಿಸುವ ಕಿರುಹೊತ್ತಗೆಯೊಂದನ್ನು ಹೊರತರಲು ನಿಶ್ಚಯಿಸಿದರು. ಅಚ್ಚಿಗೆ ಕೊಡುವ ಮೊದಲು ಅದರ ಕರಡನ್ನು ನೋಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತು. ವೃತ್ತಿಯಿಂದ ವ್ಯಾಪಾರಿಯಾದ ನನಗೆ ಶಾಸ್ತ್ರಪಾಂಡಿತ್ಯವಿದೆಯೆಂದು ಹೇಳಿಕೊಳ್ಳಲಾರೆ. ಜಮಾ ಖರ್ಚು ತಾಳೆಯಾಗದಿದ್ದರೆ ಅದು ಕಣ್ಣಿಗೆ ಬೀಳುವ ಅಭ್ಯಾಸ ಮಾತ್ರ ನಲವತ್ತು ವರ್ಷಗಳಿಂದ ಉಂಟು.

ಹೊತ್ತಗೆಯ ಬಹುಭಾಗ ಅಚ್ಚುಕಟ್ಟಾಗಿತ್ತು. ಆದರೆ ಚಕ್ರವನ್ನು ಕುರಿತ ಪುಟದಲ್ಲಿ ನನ್ನ ಲೇಖನಿ ನಿಂತಿತು. ಪುಟದ ಎಡಭಾಗದಲ್ಲಿ ವಿಷ್ಣುವಿನ ಸುದರ್ಶನ ಚಕ್ರದ ಚಿತ್ರ. ಅದು ಶತ್ರುಸಂಹಾರದ ಆಯುಧವೆಂಬ ವಿವರಣೆ. ಬಲಭಾಗದಲ್ಲಿ ಬುದ್ಧನ ಧರ್ಮಚಕ್ರ. ಅದು ಶಾಂತಿಯ ಉಪದೇಶವೆಂಬ ವಿವರಣೆ. ಕೆಳಗೆ ನಮ್ಮ ಧರ್ಮಚಕ್ರದ ಚಿತ್ರ. ಆಯುಧದ ಚಕ್ರ ಪರರದು, ಅಹಿಂಸೆಯ ಚಕ್ರ ನಮ್ಮದು ಎಂಬ ತೀರ್ಮಾನ. ಅದರೊಂದಿಗೆ, ರಾಷ್ಟ್ರಧ್ವಜದ ಚಕ್ರದಲ್ಲಿರುವ 24 ಅರಗಳು 24 ತೀರ್ಥಂಕರರನ್ನೇ ಸೂಚಿಸುತ್ತವೆ ಎಂಬ ಒಂದು ವಾಕ್ಯ.

ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಮೇಜಿನ ಮೇಲಿದ್ದ ಈ ಪುಟವನ್ನು ಓದಿ, "ಅಜ್ಜಾ, ಆಯುಧದ ಚಕ್ರ ಅವರದು ಅಂತ ಬರೆದಿದೆಯಲ್ಲ, ಹಾಗಾದರೆ ಭರತ ಚಕ್ರವರ್ತಿ ಬಾಹುಬಲಿಯ ಮೇಲೆ ಬಿಟ್ಟದ್ದು ಯಾವ ಚಕ್ರ?" ಎಂದು ಕೇಳಿದಳು. ನಾನು ಕೂಡಲೆ ಉತ್ತರ ಕೊಡಲಿಲ್ಲ. ಹಿಂದೊಮ್ಮೆ ವೇದಿಕೆಯೊಂದರ ಮೇಲೆ ಇದೇ ಹೋಲಿಕೆಯನ್ನು ನಾನೇ ಮಾಡಿ ಚಪ್ಪಾಳೆ ಗಿಟ್ಟಿಸಿದ್ದುಂಟು. ಆ ದಿನ ಯಾರೂ ಕೇಳದ ಪ್ರಶ್ನೆಯನ್ನು ಈ ಮಗು ಕೇಳಿತು. ಅದಕ್ಕೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಕಾಲದ ಚಕ್ರ, ಕರ್ತವ್ಯದ ಚಕ್ರ

ವೈದಿಕ ಪರಂಪರೆಯಲ್ಲಿ ಚಕ್ರವು ಮೊದಲು ಕಾಣಿಸಿಕೊಳ್ಳುವುದು ಕೇವಲ ಆಯುಧವಾಗಿ ಅಲ್ಲ. ಋಗ್ವೇದದ ಮೊದಲನೆಯ ಮಂಡಲದ 164ನೆಯ ಸೂಕ್ತವು ಆಕಾಶವನ್ನು ಸುತ್ತುವ, ಎಂದಿಗೂ ಸವೆಯದ, ಹನ್ನೆರಡು ಅರಗಳ ಚಕ್ರವೊಂದನ್ನು ವರ್ಣಿಸುತ್ತದೆ. ಹನ್ನೆರಡು ಅರಗಳೆಂದರೆ ಹನ್ನೆರಡು ತಿಂಗಳುಗಳು. ಅಲ್ಲಿಯೇ ಬರುವ 360ರ ಎಣಿಕೆ ವರ್ಷದ ದಿನಗಳದ್ದು. ಇದು ಸೂರ್ಯನ ಚಕ್ರ, ಸಂವತ್ಸರದ ಚಕ್ರ, ಋತದ ಚಕ್ರ. ಋತವೆಂದರೆ ವಿಶ್ವವನ್ನು ನಡೆಸುವ ನಿಯಮ. ಶ್ವೇತಾಶ್ವತರೋಪನಿಷತ್ತಿನಲ್ಲಿ ಇದೇ ಚಕ್ರ ಬ್ರಹ್ಮಚಕ್ರವಾಗುತ್ತದೆ. ಜೀವವೆಂಬ ಹಂಸ ತನ್ನನ್ನೂ ತನ್ನ ಪ್ರೇರಕನನ್ನೂ ಬೇರೆಯೆಂದು ಭಾವಿಸಿ ಅದರಲ್ಲಿ ಅಲೆಯುತ್ತದೆ ಎಂಬುದು ಅಲ್ಲಿನ ಭಾವ.

ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಚಕ್ರಕ್ಕೆ ಇನ್ನೊಂದು ಅರ್ಥ ದೊರೆಯುತ್ತದೆ. ಜೀವಿಗಳು ಅನ್ನದಿಂದ, ಅನ್ನ ಮಳೆಯಿಂದ, ಮಳೆ ಯಜ್ಞದಿಂದ, ಯಜ್ಞ ಕರ್ಮದಿಂದ ಎಂದು ಒಂದಕ್ಕೊಂದು ಕೊಂಡಿ ಹಾಕಿ, ಹೀಗೆ ಪ್ರವರ್ತಿತವಾದ ಚಕ್ರವನ್ನು ಅನುಸರಿಸದೆ ಇಂದ್ರಿಯಸುಖದಲ್ಲಿಯೇ ಇರುವವನ ಬಾಳು ವ್ಯರ್ಥವೆಂದು ಗೀತೆ ಹೇಳುತ್ತದೆ. ಪಡೆದವನು ಮರಳಿ ಕೊಡಬೇಕು, ಕೊಡದೆ ಉಣ್ಣುವವನು ಕಳ್ಳ ಎಂಬುದೇ ಅಲ್ಲಿಯ ತಾತ್ಪರ್ಯ. ಯಜ್ಞದ ವಿಷಯದಲ್ಲಿ ನಮ್ಮ ಅಭಿಪ್ರಾಯ ಭಿನ್ನವಾಗಿರಬಹುದು. ಆದರೆ ಈ ಚಕ್ರದಲ್ಲಿ ಯಾರ ಸಂಹಾರವೂ ಇಲ್ಲವೆಂಬುದನ್ನು ಒಪ್ಪದಿರಲು ಸಾಧ್ಯವಿಲ್ಲ. ‘ಪ್ರವರ್ತಿತ’ ಎಂಬ ಪದವನ್ನು ವಾಚಕರು ನೆನಪಿನಲ್ಲಿಡಬೇಕು. ಬುದ್ಧನ ಮೊದಲ ಉಪದೇಶದ ಹೆಸರಿನಲ್ಲಿಯೂ ಇದೇ ಧಾತು ಬರುತ್ತದೆ.

ಸುದರ್ಶನ

ವಿಷ್ಣುವಿನ ಕೈಯಲ್ಲಿರುವ ಚಕ್ರ ಆಯುಧವಲ್ಲವೇ ಎಂದರೆ, ಆಯುಧವೇ ಸರಿ. ಮಹಾಭಾರತದ ಸಭಾಪರ್ವದಲ್ಲಿ ಶಿಶುಪಾಲನ ಶಿರಸ್ಸನ್ನು ಕತ್ತರಿಸಿದ್ದು ಚಕ್ರವೇ. ಇದನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರ. ಆದರೆ ಅರ್ಧವನ್ನು ಹೇಳಿ ಅರ್ಧವನ್ನು ಬಿಡುವುದೂ ಅಷ್ಟೇ ಅಪಚಾರ.

ವಿಷ್ಣುಪುರಾಣದ ಮೊದಲನೆಯ ಅಂಶವು ದೇವರ ಆಯುಧಾಭರಣಗಳನ್ನು ತತ್ತ್ವಗಳಾಗಿ ವಿವರಿಸುತ್ತದೆ. ಅಲ್ಲಿ ಖಡ್ಗವು ಜ್ಞಾನ, ಅದರ ಒರೆ ಅಜ್ಞಾನ. ಚಕ್ರವಾದರೋ ಗಾಳಿಯ ವೇಗವನ್ನೂ ಮೀರುವ, ಸದಾ ಚಂಚಲವಾದ ಮನಸ್ಸು. ಆ ಮನಸ್ಸು ವಿಷ್ಣುವಿನ ಕೈಯಲ್ಲಿ ನೆಲೆನಿಂತಿದೆ. ಹತೋಟಿಯಲ್ಲಿರುವ ಮನಸ್ಸೇ ಚಕ್ರವೆಂದು ಆ ಪರಂಪರೆಯ ಗ್ರಂಥವೇ ಹೇಳುತ್ತಿರುವಾಗ, ಅದನ್ನು ಬಿಟ್ಟು ಸಂಹಾರವೊಂದನ್ನೇ ನಮ್ಮ ಮಕ್ಕಳಿಗೆ ಕಲಿಸುವುದು ನ್ಯಾಯವೇ? ಗುಪ್ತರ ಕಾಲದ ಶಿಲ್ಪಿಗಳು ಚಕ್ರಕ್ಕೆ ಮಾನವರೂಪ ಕೊಟ್ಟು, ಅದನ್ನು ಸ್ವಾಮಿಯ ಪಕ್ಕದಲ್ಲಿ ಸೇವಕನಂತೆ ನಿಲ್ಲಿಸಿದರು. ಮಧ್ಯಪ್ರದೇಶದ ಉದಯಗಿರಿಯ ಗುಹೆಯಲ್ಲಿ ವಿಷ್ಣುವಿನ ಇಕ್ಕೆಲಗಳಲ್ಲಿ ಇಂಥ ಆಯುಧಪುರುಷರನ್ನು ಇಂದಿಗೂ ಕಾಣಬಹುದು. ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಕೈಯಲ್ಲಿಯೂ ಶಂಖ, ಗದೆ, ಪದ್ಮಗಳ ಜೊತೆಗೆ ಚಕ್ರವಿದೆ. ದರ್ಶನಕ್ಕೆ ಹೋದ ಭಕ್ತನು ಅದರ ಮುಂದೆ ನಿಲ್ಲುವುದು ಭಯದಿಂದಲ್ಲ, ಅಭಯವನ್ನು ಬೇಡಿ. ಸುದರ್ಶನವೆಂಬ ಹೆಸರಿನ ಅರ್ಥವೂ ನೋಡಲು ಚೆಲುವಾದದ್ದು ಎಂದೇ.

ಇದಕ್ಕಿಂತ ಮುಖ್ಯವಾದದ್ದು ಭಾಗವತದ ಒಂಬತ್ತನೆಯ ಸ್ಕಂಧದ ಅಂಬರೀಷನ ಕಥೆ. ವ್ರತನಿಷ್ಠನಾದ ಅಂಬರೀಷ ಮಹಾರಾಜನ ಮೇಲೆ ದೂರ್ವಾಸ ಮುನಿ ಕೋಪಗೊಂಡು ಕೃತ್ಯೆಯೊಂದನ್ನು ಸೃಷ್ಟಿಸಿ ಬಿಡುತ್ತಾನೆ. ರಾಜನ ರಕ್ಷಣೆಗೆಂದು ನಿಯುಕ್ತವಾಗಿದ್ದ ಚಕ್ರ ಕೃತ್ಯೆಯನ್ನು ಸುಟ್ಟು, ಮುನಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ಮುನಿ ಬ್ರಹ್ಮನ ಬಳಿಗೆ, ಶಿವನ ಬಳಿಗೆ, ಕೊನೆಗೆ ವಿಷ್ಣುವಿನ ಬಳಿಗೇ ಓಡಿದರೂ ರಕ್ಷಣೆ ದೊರೆಯದು. ತಾನು ಭಕ್ತರ ಅಧೀನ, ಯಾರಿಗೆ ಅಪರಾಧ ಮಾಡಿದೆಯೋ ಅವನಲ್ಲಿಗೇ ಹೋಗು ಎಂದು ವಿಷ್ಣು ಅವನನ್ನು ಕಳುಹಿಸುತ್ತಾನೆ. ಮುನಿ ಹಿಂದಿರುಗುವವರೆಗೆ ಅಂಬರೀಷ ಒಂದು ವರ್ಷ ಊಟ ಮಾಡದೆ ಕಾದಿರುತ್ತಾನೆ. ತನ್ನನ್ನು ಕೊಲ್ಲಬಂದವನಿಗಾಗಿ ಅವನೇ ಚಕ್ರವನ್ನು ಪ್ರಾರ್ಥಿಸುತ್ತಾನೆ. ಆಗ ಚಕ್ರ ಶಾಂತವಾಗುತ್ತದೆ.

ದೇವತೆಗಳಿಗೂ ನಿಲ್ಲದ ಚಕ್ರ ನೊಂದವನ ಕ್ಷಮೆಗೆ ನಿಂತಿತು. ಈ ಕಥೆಯನ್ನು ಓದಿದ ಮೇಲೆ ಸುದರ್ಶನವನ್ನು ಕೇವಲ ಕೊಲ್ಲುವ ಸಾಧನವೆಂದು ಬರೆಯಲು ನನ್ನಿಂದಾಗದು. ಉತ್ತಮ ಕ್ಷಮೆಯನ್ನು ಹತ್ತು ಧರ್ಮಗಳಲ್ಲಿ ಮೊದಲನೆಯದಾಗಿ ಎಣಿಸುವ ನಮಗಂತೂ ಇದು ತಿಳಿದಿರಬೇಕಾದ ಕಥೆ.

ಬುದ್ಧನು ತಿರುಗಿಸಿದ ಚಕ್ರ

ಇನ್ನು ಬೌದ್ಧರ ಚಕ್ರ. ಬೋಧಿಯನ್ನು ಪಡೆದ ಬುದ್ಧನು ಕಾಶಿಯ ಬಳಿಯ ಋಷಿಪತನದ ಜಿಂಕೆಯ ವನದಲ್ಲಿ, ಅಂದರೆ ಇಂದಿನ ಸಾರನಾಥದಲ್ಲಿ, ಐವರು ತಪಸ್ವಿಗಳಿಗೆ ಮೊದಲ ಉಪದೇಶ ಮಾಡಿದನು. ಆ ಉಪದೇಶಕ್ಕೆ ಧಮ್ಮಚಕ್ಕಪ್ಪವತ್ತನ ಎಂದು ಹೆಸರು, ಧರ್ಮಚಕ್ರವನ್ನು ತಿರುಗಿಸುವುದು ಎಂದರ್ಥ. ದುಃಖ, ದುಃಖದ ಕಾರಣ, ಅದರ ನಿರೋಧ, ನಿರೋಧದ ಮಾರ್ಗ ಎಂಬ ನಾಲ್ಕು ಸತ್ಯಗಳನ್ನು ಅಲ್ಲಿ ಮೂರು ಸುತ್ತು, ಹನ್ನೆರಡು ಆಕಾರಗಳಲ್ಲಿ ಹೇಳಲಾಗಿದೆ. ಎಂಟು ಅರಗಳು ಅಷ್ಟಾಂಗಮಾರ್ಗವನ್ನು ಸೂಚಿಸುತ್ತವೆ ಎಂಬ ವಿವರಣೆ ಈಗ ಪ್ರಚಾರದಲ್ಲಿದೆ. ಆದರೆ ಪ್ರಾಚೀನ ಬೌದ್ಧ ಶಿಲ್ಪಗಳಲ್ಲಿ ಅರಗಳು ಎಂಟೇ ಇರಬೇಕೆಂಬ ನಿಯಮ ಕಾಣುವುದಿಲ್ಲ, ಅನೇಕ ಕಡೆ ಅದಕ್ಕಿಂತ ಬಹಳ ಹೆಚ್ಚು ಇವೆ.

ಬುದ್ಧನ ಮೂರ್ತಿಯನ್ನು ಕಡೆಯದಿದ್ದ ಕಾಲದಲ್ಲಿ ಭಾರ್ಹುತ್, ಸಾಂಚಿಗಳ ಶಿಲ್ಪಿಗಳು ಸ್ತಂಭದ ಮೇಲಿನ ಚಕ್ರ, ಬೋಧಿವೃಕ್ಷ, ಬರಿಯ ಪೀಠ, ಪಾದಚಿಹ್ನೆಗಳಿಂದಲೇ ಅವನ ಸಾನ್ನಿಧ್ಯವನ್ನು ತೋರಿಸಿದರು. ಸಾರನಾಥದ ಗುಪ್ತಕಾಲದ ಪ್ರಸಿದ್ಧ ಬುದ್ಧಮೂರ್ತಿಯಲ್ಲಿ ಕೈಗಳು ಚಕ್ರಪ್ರವರ್ತನ ಮುದ್ರೆಯಲ್ಲಿವೆ. ಪೀಠದಲ್ಲಿ ಚಕ್ರ, ಜಿಂಕೆಗಳು, ಶಿಷ್ಯರು. ಟಿಬೆಟಿನ ವಿಹಾರಗಳ ಮಾಡಿನ ಮೇಲೆ ಕಾಣುವ ಚಕ್ರ ಮತ್ತು ಎರಡು ಜಿಂಕೆಗಳು ಇದೇ ಪ್ರಸಂಗದ ನೆನಪು. ಬೈಲಕುಪ್ಪೆಗೆ ಹೋಗಿಬಂದ ನಮ್ಮ ವಾಚಕರಲ್ಲಿ ಹಲವರಿಗೆ ಇದರ ಪರಿಚಯವಿದ್ದೀತು.

ಆದರೆ ಬುದ್ಧನಿಗೆ ಈ ಉಪಮೆ ದೊರೆತದ್ದು ಎಲ್ಲಿಂದ? ಚಕ್ರವರ್ತಿಯಿಂದ. ದೀಘನಿಕಾಯದ ಚಕ್ಕವತ್ತಿಸೀಹನಾದ ಸುತ್ತದಲ್ಲಿ ದಳ್ಹನೇಮಿ ಎಂಬ ಚಕ್ರವರ್ತಿಯ ಕಥೆಯಿದೆ. ಚಕ್ರವರ್ತಿಯ ಚಕ್ರರತ್ನ ದಿಕ್ಕುದಿಕ್ಕಿಗೆ ಉರುಳುತ್ತದೆ. ಸೈನ್ಯ ಅದರ ಹಿಂದೆ ಹೋಗುತ್ತದೆ. ರಾಜರು ಯುದ್ಧವಿಲ್ಲದೆ ಶರಣಾಗುತ್ತಾರೆ. ಕೊಲ್ಲಬಾರದು, ಕೊಡದದ್ದನ್ನು ತೆಗೆದುಕೊಳ್ಳಬಾರದು ಮುಂತಾದ ಶೀಲಗಳನ್ನು ಚಕ್ರವರ್ತಿ ಅವರಿಗೆ ಬೋಧಿಸುತ್ತಾನೆ. ಆ ಚಕ್ರ ತನ್ನ ಸ್ಥಾನದಿಂದ ಜಾರಿದಾಗ ಅವನು ರಾಜ್ಯವನ್ನು ಮಗನಿಗೆ ಒಪ್ಪಿಸಿ ತಪಸ್ಸಿಗೆ ಹೋಗುತ್ತಾನೆ. ಏಳನೆಯ ದಿನ ಚಕ್ರವೇ ಮಾಯವಾಗುತ್ತದೆ. ಕಂಗೆಟ್ಟ ಮಗನಿಗೆ ತಂದೆ ಹೇಳುವ ಮಾತಿನ ತಾತ್ಪರ್ಯ ಇಷ್ಟು: ಈ ಚಕ್ರ ಪಿತ್ರಾರ್ಜಿತ ಆಸ್ತಿಯಲ್ಲ; ಪ್ರಜೆಗಳನ್ನೂ ಮೃಗಪಕ್ಷಿಗಳನ್ನೂ ರಕ್ಷಿಸಿ, ಬಡವರಿಗೆ ಧನವನ್ನಿತ್ತು, ಧರ್ಮದಿಂದ ನಡೆದರೆ ತಾನಾಗಿಯೇ ಬರುವುದು.

ಕೆಲವು ತಲೆಮಾರುಗಳ ನಂತರ ಒಬ್ಬ ರಾಜನು ಉಳಿದೆಲ್ಲವನ್ನೂ ಮಾಡಿ, ಬಡವರಿಗೆ ಕೊಡುವುದೊಂದನ್ನು ಬಿಟ್ಟನು. ಬಡತನ ಬೆಳೆಯಿತು, ಬಡತನದಿಂದ ಕಳವು, ಕಳವಿಗೆ ಮರಣದಂಡನೆ, ದಂಡನೆಯನ್ನು ಕಂಡು ಕಳ್ಳರ ಕೈಗೂ ಶಸ್ತ್ರ. ಹೀಗೆ ಜನರ ಆಯುಸ್ಸೇ ಕುಗ್ಗುತ್ತ ಹೋಯಿತು. ರಾಜನೊಬ್ಬ ಬಿಟ್ಟ ದಾನದಿಂದ ಲೋಕದ ಹಿಂಸೆ ಹುಟ್ಟಿತೆಂದು ಲೆಕ್ಕ ಹಾಕುವ ಈ ಸುತ್ತವನ್ನು ವ್ಯಾಪಾರಿಗಳಾದ ನಾವು ವಿಶೇಷವಾಗಿ ಓದಬೇಕು. ಬೌದ್ಧರಲ್ಲಿ ಇನ್ನೊಂದು ಚಕ್ರವೂ ಉಂಟು, ಭವಚಕ್ರ. ರಾಗ, ದ್ವೇಷ, ಮೋಹಗಳ ಗುರುತಾಗಿ ಪಕ್ಷಿ, ಸರ್ಪ, ಹಂದಿಗಳನ್ನು ಅದರ ನಾಭಿಯಲ್ಲಿ ಚಿತ್ರಿಸುತ್ತಾರೆ. ಒಂದು ಜನ್ಮದ ಬಾಕಿ ಮುಂದಿನ ಜನ್ಮದ ಅಸಲಾಗುವ ಈ ಸುತ್ತನ್ನು ನಮ್ಮ ಅಂಗಡಿಯ ಭಾಷೆಯಲ್ಲಿ ಚಕ್ರಬಡ್ಡಿ ಎನ್ನಬಹುದು.

ಹೀಗೆ ಬೌದ್ಧರಲ್ಲಿಯೂ ಚಕ್ರಕ್ಕೆ ಒಂದೇ ಅರ್ಥವಿಲ್ಲ. ರಾಜನ ಚಕ್ರ, ಬಂಧನದ ಚಕ್ರ, ಬಿಡುಗಡೆಯ ಚಕ್ರ, ಮೂರೂ ಇವೆ. ಬುದ್ಧನು ಮಾಡಿದ ದೊಡ್ಡ ಕೆಲಸವೆಂದರೆ ರಾಜನ ಕೈಯಲ್ಲಿದ್ದ ಚಿಹ್ನೆಯನ್ನು ಭಿಕ್ಷುವಿನ ಕೈಗೆ ತಂದದ್ದು.

ಸಾರನಾಥದ ಸ್ತಂಭ

ಚಕ್ರವನ್ನು ಕಲ್ಲಿನಲ್ಲಿ ಸ್ಥಿರವಾಗಿ ನಿಲ್ಲಿಸಿದವನು ಅಶೋಕ. 1904-05ರಲ್ಲಿ ಅರ್ಟೆಲ್ ಎಂಬ ಅಧಿಕಾರಿ ಸಾರನಾಥದಲ್ಲಿ ನಡೆಸಿದ ಉತ್ಖನನದಲ್ಲಿ ಅವನ ಸ್ತಂಭದ ಸಿಂಹಶೀರ್ಷ ದೊರೆಯಿತು. ಸಿಂಹಗಳ ಕೆಳಗಿನ ಪಟ್ಟಿಯಲ್ಲಿ ಆನೆ, ಎತ್ತು, ಕುದುರೆ, ಸಿಂಹಗಳ ನಡುನಡುವೆ 24 ಅರಗಳ ಚಕ್ರಗಳಿವೆ. ಸಿಂಹಗಳ ನೆತ್ತಿಯ ಮೇಲೆ ಮೊದಲು ಇನ್ನೂ ದೊಡ್ಡದಾದ ಚಕ್ರವೊಂದಿತ್ತು. ಅದರ ತುಂಡುಗಳು ಮಾತ್ರ ಉಳಿದಿವೆ. ಅಂದರೆ ಅಶೋಕನ ಕಲ್ಪನೆಯಲ್ಲಿ ಸಿಂಹಬಲದ ಮೇಲೆ ಧರ್ಮಚಕ್ರ ಇತ್ತು. ಮೇಲಿನ ಚಕ್ರ ಬಿದ್ದುಹೋಗಿ ಈಗ ಸಿಂಹಗಳು ಎದ್ದು ಕಾಣುತ್ತವೆ.

ಈ ಸ್ತಂಭದ ಮೇಲೆಯೇ ಅಶೋಕನ ಒಂದು ಕಟ್ಟಪ್ಪಣೆ ಇದೆ. ಸಂಘವನ್ನು ಒಡೆಯುವ ಭಿಕ್ಷು ಭಿಕ್ಷುಣಿಯರಿಗೆ ಬಿಳಿಯ ಬಟ್ಟೆ ಉಡಿಸಿ ವಿಹಾರದಿಂದ ಹೊರಗಿಡಬೇಕೆಂಬುದು ಅದರ ಸಾರಾಂಶ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತುದಕ್ಕಾಗಿ ಪಶ್ಚಾತ್ತಾಪ ಪಡುವ ಹದಿಮೂರನೆಯ ಶಿಲಾಶಾಸನದಲ್ಲಿಯೇ, ಪಶ್ಚಾತ್ತಾಪ ಪಟ್ಟರೂ ತನಗೆ ಶಕ್ತಿಯಿದೆಯೆಂದು ಅವನು ಅಡವಿಯ ಜನರನ್ನು ಎಚ್ಚರಿಸುತ್ತಾನೆ. ಇದನ್ನು ಹೇಳುವುದು ಅಶೋಕನನ್ನು ಹಳಿಯಲೆಂದಲ್ಲ. ಬೌದ್ಧರ ಚಕ್ರದ ಹಿಂದೆಯೂ ರಾಜದಂಡವಿತ್ತು, ಆದ್ದರಿಂದ ಒಂದು ಬರಿಯ ಆಯುಧ, ಇನ್ನೊಂದು ಬರಿಯ ಶಾಂತಿ ಎಂಬ ವಿಭಜನೆ ನಿಲ್ಲುವುದಿಲ್ಲವೆಂದು ತೋರಿಸಲು.

ಇನ್ನು 24 ಅರಗಳ ವಿಚಾರ. 1947ರ ಜುಲೈ 22ರಂದು ಸಂವಿಧಾನ ರಚನಾ ಸಭೆ ಅಂಗೀಕರಿಸಿದ ಧ್ವಜದಲ್ಲಿ ಹಿಂದಿನ ಚರಕದ ಸ್ಥಾನಕ್ಕೆ ಬಂದದ್ದು ಸಾರನಾಥದ ಈ ಚಕ್ರ. ಅರಗಳು 24 ಏಕೆಂದು ಅಶೋಕನ ಯಾವ ಶಾಸನವೂ ಹೇಳುವುದಿಲ್ಲ. 24 ಗಂಟೆಗಳು, 24 ಗುಣಗಳು, 24 ತೀರ್ಥಂಕರರು ಎಂಬ ವಿವರಣೆಗಳೆಲ್ಲ ಅನಂತರದವರು ತಮಗೆ ಪ್ರಿಯವಾದುದನ್ನು ತುಂಬಿಕೊಂಡವು. ಚೀಟಿಯಿಲ್ಲದ ಮೊತ್ತವನ್ನು ಖಾತೆಗೆ ಜಮಾ ಮಾಡುವ ಗುಮಾಸ್ತನನ್ನು ನಾವು ಮೆಚ್ಚುವುದಿಲ್ಲ. ಶಾಸ್ತ್ರದ ವಿಷಯದಲ್ಲಿ ಮಾತ್ರ ಅದನ್ನೇ ಮಾಡುತ್ತೇವೆ. 1950ರ ಜನವರಿ 26ರಂದು ಅಂಗೀಕೃತವಾದ ರಾಷ್ಟ್ರಲಾಂಛನದಲ್ಲಿ ಬೌದ್ಧ ಸ್ತಂಭದ ಕೆಳಗೆ ಮುಂಡಕೋಪನಿಷತ್ತಿನ ವಾಕ್ಯವಿದೆ. ನಮ್ಮ ಕರಡು ಎರಡು ಅಂಕಣಗಳಾಗಿ ಸೀಳಿದ್ದನ್ನು ದೇಶ ಒಂದೇ ಮುದ್ರೆಯಲ್ಲಿ ಕೂಡಿಸಿದೆ.

ನಮ್ಮ ಖಾತೆ

ಈಗ ಮಗುವಿನ ಪ್ರಶ್ನೆಗೆ ಬರೋಣ. ಪಂಪನು 941ರಲ್ಲಿ ರಚಿಸಿದ ಆದಿಪುರಾಣವನ್ನು ಬಲ್ಲ ಕನ್ನಡಿಗರಿಗೆ ಈ ಕಥೆ ಹೊಸದಲ್ಲ. ದಿಗ್ವಿಜಯದಿಂದ ಮರಳಿದ ಭರತನ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಟ್ಟಿತು, ತಮ್ಮಂದಿರು ಇನ್ನೂ ಮಣಿದಿಲ್ಲವೆಂದು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಸೋತ ಭರತನು ಕೋಪದಿಂದ ಬಾಹುಬಲಿಯ ಮೇಲೆ ಚಕ್ರವನ್ನು ಪ್ರಯೋಗಿಸಿದನು. ಅದು ಕೊಲ್ಲಲೆಂದು ಬಿಟ್ಟ ಚಕ್ರವೇ. ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಗೆದ್ದವನು ರಾಜ್ಯವನ್ನು ಬಿಟ್ಟು ತಪಸ್ಸಿಗೆ ಹೋದನು. ಆದಿನಾಥನ ಯಕ್ಷಿಯಾದ ಚಕ್ರೇಶ್ವರಿಯ ಕೈಗಳಲ್ಲಿಯೂ ಚಕ್ರಗಳಿವೆ, ಅವಳ ವಾಹನ ಗರುಡ. ಶಾಂತಿನಾಥ, ಕುಂಥುನಾಥ, ಅರನಾಥರು ಮೊದಲು ಚಕ್ರವರ್ತಿಗಳಾಗಿದ್ದು, ಚಕ್ರರತ್ನವನ್ನು ತ್ಯಜಿಸಿದ ಬಳಿಕ ಧರ್ಮಚಕ್ರ ಅವರ ಮುಂದೆ ನಡೆಯಿತು. ಆದ್ದರಿಂದ ಆಯುಧದ ಚಕ್ರ ನಮ್ಮಲ್ಲಿ ಇಲ್ಲವೆನ್ನುವುದು ನಮ್ಮ ಪುರಾಣವನ್ನೇ ಅಲ್ಲಗಳೆದಂತೆ.

ಮೂರು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅರ್ಥ ತಿಳಿಯಾಗುತ್ತದೆ. ಅಂಬರೀಷನ ಕ್ಷಮೆಗೆ ಚಕ್ರ ಶಾಂತವಾಯಿತು. ದಳ್ಹನೇಮಿಯ ಮಗನಿಗೆ, ಧರ್ಮದಿಂದ ಗಳಿಸದ ಚಕ್ರ ದಕ್ಕಲಿಲ್ಲ. ಭರತನ ಕೋಪಕ್ಕೆ ಚಕ್ರ ಒಲಿಯಲಿಲ್ಲ. ಚಕ್ರವೆಂದರೆ ಬಲ. ಬಲವು ಎಲ್ಲಿ ನಿಲ್ಲಬೇಕು ಎಂಬುದನ್ನು ಮೂರು ಪರಂಪರೆಗಳೂ ಈ ಒಂದು ಚಿಹ್ನೆಯ ಮೂಲಕ ಕೇಳಿಕೊಂಡಿವೆ. ಉತ್ತರದಲ್ಲಿ ವ್ಯತ್ಯಾಸವಿದೆ, ಅದನ್ನು ಅಳಿಸಬೇಕಾಗಿಲ್ಲ. ವೈಷ್ಣವರು ಬಲವನ್ನು ರಕ್ಷಕನ ಕೈಯಲ್ಲಿಯೇ ಇಟ್ಟು ಧರ್ಮಕ್ಕೆ ಅಧೀನಗೊಳಿಸಿದರು. ಬೌದ್ಧರು ಚಿಹ್ನೆಯನ್ನು ರಾಜನಿಂದ ಗುರುವಿಗೆ ವರ್ಗಾಯಿಸಿದರು. ನಮ್ಮ ಪರಂಪರೆ ಚಕ್ರವನ್ನು ಇಳಿಸಿ ನಡೆದವನನ್ನು ಪೂಜಿಸಿತು. ವ್ಯತ್ಯಾಸವನ್ನು ಹೀಗೆ ಹೇಳಿದರೆ ಯಾರಿಗೂ ಅವಮಾನವಿಲ್ಲ, ನಮ್ಮ ಗೌರವಕ್ಕೂ ಕುಂದಿಲ್ಲ.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದ ಕೊನೆಯಲ್ಲಿ ಅಶೋಕನ ಶಾಸನವಿರುವ ಕಲ್ಲೊಂದು ದೊರೆಯಿತು. ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಆ ಕಲ್ಲಿನಲ್ಲಿ ಹನ್ನೆರಡನೆಯ ಶಿಲಾಶಾಸನವೂ ಇದೆ. ತನ್ನ ಪಂಥವನ್ನು ಮೆರೆಸಲೆಂದು ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚಿನ ಹಾನಿ ಮಾಡುತ್ತಾನೆಂಬುದು ಅದರ ತಿರುಳು. ನಮ್ಮ ನೆಲದ ಕಲ್ಲು ಹೇಳುವ ಈ ಮಾತನ್ನು ಅನೇಕಾಂತವನ್ನು ಬೋಧಿಸುವ ನಾವು ಬೇರೆಯವರಿಂದ ಕಲಿಯಬೇಕಾಗಿ ಬರಬಾರದು.

ಕರಡಿನ ಆ ಪುಟಕ್ಕೆ ಬದಲಾಗಿ ನಾನು ಬರೆದುಕೊಟ್ಟದ್ದು ಇಷ್ಟೇ: "ಚಕ್ರವು ಕಾಲದ, ಬಲದ ಮತ್ತು ಧರ್ಮದ ಚಿಹ್ನೆ. ಹಿಂದೂಗಳಲ್ಲಿ ಅದು ಸೂರ್ಯನ ಚಕ್ರ, ಕರ್ತವ್ಯದ ಚಕ್ರ, ವಿಷ್ಣುವಿನ ಸುದರ್ಶನ. ಕ್ಷಮೆಗೆ ಅದು ಶಾಂತವಾಯಿತು. ಬೌದ್ಧರಲ್ಲಿ ಅದು ಬುದ್ಧನು ತಿರುಗಿಸಿದ ಧರ್ಮದ ಚಕ್ರ, ನ್ಯಾಯವಂತ ರಾಜನ ಚಕ್ರ. ನಮ್ಮಲ್ಲಿ ಭರತನ ಚಕ್ರ ಬಾಹುಬಲಿಯನ್ನು ಕೊಲ್ಲಲಿಲ್ಲ. ಚಕ್ರವನ್ನು ಬಿಟ್ಟವರ ಮುಂದೆ ಧರ್ಮಚಕ್ರ ನಡೆಯಿತು." ಅರಗಳ ಎಣಿಕೆಯ ವಾಕ್ಯವನ್ನು ಹೊಡೆದುಹಾಕಿದ್ದೇನೆ.

ಟ್ರಸ್ಟಿನ ಬಂಧುಗಳಲ್ಲಿ ಕೆಲವರಿಗೆ ಇದು ಸಪ್ಪೆಯಾಗಿ ಕಂಡಿದೆ. ನಮ್ಮ ಧರ್ಮದ ಹಿರಿಮೆ ಎದ್ದು ಕಾಣುವುದಿಲ್ಲವೆಂಬುದು ಅವರ ಆಕ್ಷೇಪಣೆ. ತೀರ್ಮಾನ ಮುಂದಿನ ಸಭೆಗೆ ಬಿಟ್ಟದ್ದು. ನಾನು ಹೇಳಬಯಸುವುದು ಇಷ್ಟು: ಆ ಹೊತ್ತಗೆಯನ್ನು ಓದುವ ಮಕ್ಕಳು ಶಾಲೆಯಲ್ಲಿ ವೈಷ್ಣವರ ಮಕ್ಕಳ ಪಕ್ಕದಲ್ಲಿ, ಬೌದ್ಧರ ಮಕ್ಕಳ ಪಕ್ಕದಲ್ಲಿ ಕುಳಿತಿರುತ್ತಾರೆ. ಗೆಳೆಯನ ದೇವರ ಕೈಯಲ್ಲಿರುವುದು ಕೊಲೆಯ ಸಾಧನವೆಂದು ಕಲಿತ ಮಗುವಿನ ಮನಸ್ಸಿನಲ್ಲಿ ನಾವು ಬಿತ್ತುವುದು ಅಹಿಂಸೆಯನ್ನೇ?

ಮೊಮ್ಮಗಳಿಗೆ ನಾನು ಕೊಟ್ಟ ಉತ್ತರ: "ಭರತ ಬಿಟ್ಟದ್ದೂ ಆಯುಧದ ಚಕ್ರವೇ ಕಣಮ್ಮ. ಅದು ಎಲ್ಲಿ ನಿಂತಿತು ಅನ್ನುವುದನ್ನು ಮಾತ್ರ ಮರೆಯಬೇಡ." ಸುಜ್ಞರಾದ ವಾಚಕರು ತಪ್ಪಿದ್ದರೆ ತಿದ್ದಬೇಕೆಂದು ವಿನಂತಿ.